ಮಾಳಿಗೆ ಮೇಲಿನ ಕರೆಂಟು, ಗೋಡೆ ಮೇಲಿನ ಮೀಟರು

(ಬಳ್ಳಾರಿ ಪಾರ್ವತಿನಗರದಲ್ಲಿ ಸ್ವಸಹಾಯ ಸಂಘಗಳ ಸದಸ್ಯರಿಗೆ ನೀಡಿದ ಮಾಹಿತಿಯ ಬರಹ ರೂಪ)

ಸಿರುಗುಪ್ಪ ಮತ್ತು ಕುರುಗೋಡು ಕಡೆಯಿಂದ ಬೆಳಗಿನ ಬಸ್ಸು ಹಿಡಿದು ಬಂದವರೂ ಇದ್ದೀರಿ, ಸಂತೋಷ.

ಸೋಲಾರ್ ಹಾಕಿಸಿಕೊಳ್ಳಿ ಅಂತ ಹೇಳೋದಕ್ಕೆ ನಾವು ಇವತ್ತು ನಿಮ್ಮನ್ನು ಕರೆದಿಲ್ಲ. ಅದನ್ನು ಹೇಳುವವರು ಬೇಕಾದಷ್ಟು ಮಂದಿ ಇದ್ದಾರೆ, ಮನೆ ಬಾಗಿಲಿಗೇ ಬರ್ತಾರೆ. ಹಾಕಿಸಿಕೊಂಡ ಮೇಲೆ ಏನಾಗ್ತದೆ ಅನ್ನೋದನ್ನು ಹೇಳುವವರು ಕಡಿಮೆ. ಇನ್ವರ್ಟರ್ ಪೆಟ್ಟಿಗೆಯ ಮೇಲೆ ಒಂದು ಅಂಕಿ ಬರ್ತದೆ, ಮೊಬೈಲಿನಲ್ಲಿ ಇನ್ನೊಂದು, ಗೋಡೆ ಮೇಲಿನ ಮೀಟರಿನಲ್ಲಿ ಮತ್ತೊಂದು, ತಿಂಗಳಿಗೊಮ್ಮೆ ಬರುವ ಬಿಲ್ಲಿನಲ್ಲಿ ಮಗದೊಂದು. ಒಂದಕ್ಕೊಂದು ತಾಳೆ ಆಗೋದಿಲ್ಲ. ಆಗ ಮನೆಯಲ್ಲಿ ಜಗಳ ಶುರು. ಗಂಡ ಏಜೆಂಟರನ್ನು ಬೈಯ್ತಾನೆ, ಹೆಂಡತಿ ಗಂಡನನ್ನು ಬೈಯ್ತಾಳೆ, ಇಬ್ಬರೂ ಸೇರಿ ಮೀಟರ್ ಓದೋಕೆ ಬರುವ ಹುಡುಗನನ್ನು ಬೈಯ್ತಾರೆ. ಬ್ಯಾಂಕಿನ ಸಾಲದ ಕಂತು ಮಾತ್ರ ಯಾರ ಜಗಳಕ್ಕೂ ಕಾಯೋದಿಲ್ಲ.

ನಾವು ಮನೆ ಭೇಟಿಗೆ ಹೋದಾಗ ಹೆಚ್ಚಾಗಿ ಕೇಳಿ ಬರುವ ಪ್ರಶ್ನೆ ಇದು: "ಮಾಳಿಗೆ ಮ್ಯಾಲೆ 348 ಯೂನಿಟ್ ತಯಾರಾಗೈತಿ ಅಂತ ಮೊಬೈಲ್ ತೋರಸ್ತೈತ್ರಿ. ಗೋಡೆ ಮೀಟರಿನ್ಯಾಗ ಹೊರಗ ಹೋಗಿದ್ದು ಬರೇ 221 ಐತಿ. ಉಳಿದ 127 ಯಾರು ತಿಂದ್ರು?"

ಉತ್ತರ ಬಹಳ ಸರಳ: ನೀವೇ ತಿಂದ್ರಿ. ಆದರೆ ಇಷ್ಟೇ ಹೇಳಿ ಕೂತರೆ ಯಾರೂ ನಂಬೋದಿಲ್ಲ. ಆದ್ದರಿಂದ ಬುಡದಿಂದ ನೋಡೋಣ.

ಮೊದಲು ಕಿಲೋವ್ಯಾಟ್ ಮತ್ತು ಯೂನಿಟ್ ಬೇರೆ ಬೇರೆ ಅನ್ನೋದು ತಿಳಿಯಬೇಕು. ಓದಿದವರೂ ಇಲ್ಲಿ ಗೊಂದಲ ಮಾಡಿಕೊಳ್ತಾರೆ. ನಮ್ಮ ಜಿಲ್ಲೆಯವರಿಗೆ ಇದನ್ನು ತಿಳಿಸೋದು ಕಷ್ಟ ಇಲ್ಲ, ಯಾಕಂದ್ರೆ ನಮಗೆ ತುಂಗಭದ್ರಾ ಡ್ಯಾಮ್ ಇದೆ. ಮಳೆಗಾಲ ಬಂತಂದ್ರೆ ಸಿರುಗುಪ್ಪದ ಭತ್ತದ ರೈತರು ಬೆಳಿಗ್ಗೆ ಎದ್ದು ಪತ್ರಿಕೆಯಲ್ಲಿ ಮೊದಲು ನೋಡೋದು ಎರಡು ಅಂಕಿ: ಒಳಹರಿವು ಎಷ್ಟು ಕ್ಯೂಸೆಕ್, ಸಂಗ್ರಹ ಎಷ್ಟು ಟಿಎಂಸಿ. ಕ್ಯೂಸೆಕ್ ಅಂದ್ರೆ ಈ ಕ್ಷಣದಲ್ಲಿ ನೀರು ಎಷ್ಟು ಜೋರಾಗಿ ಬರ್ತಾ ಇದೆ ಅನ್ನೋದು. ಟಿಎಂಸಿ ಅಂದ್ರೆ ಒಟ್ಟು ಎಷ್ಟು ಸೇರಿತು ಅನ್ನೋದು. ಸುಮಾರು ಹನ್ನೊಂದೂವರೆ ಸಾವಿರ ಕ್ಯೂಸೆಕ್ ನೀರು ಒಂದು ದಿನ ಪೂರ್ತಿ ಹರಿದರೆ ಒಂದು ಟಿಎಂಸಿ ಆಗ್ತದೆ. ಕಿಲೋವ್ಯಾಟ್ ಅಂದ್ರೆ ಕ್ಯೂಸೆಕ್ ಇದ್ದ ಹಾಗೆ. ಯೂನಿಟ್ ಅಂದ್ರೆ ಟಿಎಂಸಿ ಇದ್ದ ಹಾಗೆ. ಒಂದು ಕಿಲೋವ್ಯಾಟ್ ಕರೆಂಟು ಒಂದು ಗಂಟೆ ಹರಿದರೆ ಒಂದು ಯೂನಿಟ್. ಸಾವಿರ ವ್ಯಾಟಿನ ಇಸ್ತ್ರಿಪೆಟ್ಟಿಗೆ ಬಿಡದೆ ಒಂದು ಗಂಟೆ ಕಾದರೆ ಒಂದು ಯೂನಿಟ್ ಖರ್ಚು. 75 ವ್ಯಾಟಿನ ಹಳೇ ಫ್ಯಾನು ಹದಿಮೂರು ಗಂಟೆಗೂ ಸ್ವಲ್ಪ ಹೆಚ್ಚು ತಿರುಗಿದರೆ ಅದೇ ಒಂದು ಯೂನಿಟ್.

ಕುಡತಿನಿ ಹತ್ತಿರದ ಬಳ್ಳಾರಿ ಶಾಖೋತ್ಪನ್ನ ವಿದ್ಯುತ್ ಕೇಂದ್ರಕ್ಕೆ 1,700 ಮೆಗಾವ್ಯಾಟ್ ಸಾಮರ್ಥ್ಯ ಅಂತಾರೆ. ಪೂರ್ತಿ ಓಡಿದರೆ ಗಂಟೆಗೆ 17 ಲಕ್ಷ ಯೂನಿಟ್. ಅದು ಕಲ್ಲಿದ್ದಲು ಹಾಕಿದರೆ ರಾತ್ರಿಯೂ ಓಡ್ತದೆ. ನಿಮ್ಮ ಮಾಳಿಗೆಯ 3 ಕಿಲೋವ್ಯಾಟ್ ಹಾಗಲ್ಲ. ಅದು ಸೂರ್ಯನ ಸಂಗಡ ಏಳ್ತದೆ, ಸೂರ್ಯನ ಸಂಗಡ ಮಲಗ್ತದೆ. "ಮೂರು ಕಿಲೋವ್ಯಾಟ್ ಹಾಕಿಸೀನಿ, ಇಪ್ಪತ್ನಾಲ್ಕು ಗಂಟೆ, ಅಂದ್ರೆ ದಿನಕ್ಕೆ 72 ಯೂನಿಟ್" ಅಂತ ಗುಣಾಕಾರ ಮಾಡಿದವರನ್ನು ನಾವು ನೋಡಿದ್ದೇವೆ. ಬರೋದು ಅಷ್ಟಲ್ಲ. ನಮ್ಮ ಸೀಮೆಯಲ್ಲಿ ಒಂದು ಕಿಲೋವ್ಯಾಟ್‌ಗೆ ವರ್ಷದ ಸರಾಸರಿ ಹಿಡಿದರೆ ದಿನಕ್ಕೆ ಸುಮಾರು 4 ಯೂನಿಟ್. ಮೂರು ಕಿಲೋವ್ಯಾಟ್‌ಗೆ ದಿನಕ್ಕೆ 12, ತಿಂಗಳಿಗೆ 350ರ ಆಸುಪಾಸು. ಮೋಡ ಕವಿದ ಜುಲೈ, ಆಗಸ್ಟಿನಲ್ಲಿ ಇದಕ್ಕಿಂತ ಸಾಕಷ್ಟು ಇಳೀತದೆ. ಚಳಿಗಾಲ ಮುಗಿದು ಆಕಾಶ ತಿಳಿಯಾಗಿರುವ ಫೆಬ್ರವರಿ, ಮಾರ್ಚಿನಲ್ಲಿ ಏರ್ತದೆ. ಒಂದು ದಿನದ ಅಂಕಿ ನೋಡಿ ಖುಷಿಪಡುವುದೂ ಬೇಡ, ಎದೆ ಒಡೆದುಕೊಳ್ಳುವುದೂ ಬೇಡ.

ಇನ್ನೊಂದು ಮಾತು. "ನಮ್ಮ ಬಳ್ಳಾರಿ ಬಿಸಿಲಿಗೆ ಬೇರೆ ಊರಿಗಿಂತ ಡಬಲ್ ಕರೆಂಟು ಬರ್ತದೆ" ಅಂತ ಮಾರುವವರು ಹೇಳೋದುಂಟು. ಬಿಸಿಲಿಗೆ ನಮ್ಮೂರು ಹೆಸರುವಾಸಿ, ಅದು ನಿಜ. ಆದರೆ ಪ್ಲೇಟಿಗೆ ಬೇಕಾಗಿರೋದು ಬೆಳಕು, ಕಾವಲ್ಲ. ಪ್ಲೇಟಿನ ಹಿಂದೆ ಬರೆದಿರುವ ವ್ಯಾಟ್ ಲೆಕ್ಕವನ್ನು ಕಾರ್ಖಾನೆಯಲ್ಲಿ ಅಳೆಯುವಾಗ ಪ್ಲೇಟಿನೊಳಗಿನ ಕೋಶದ ಶಾಖ 25 ಡಿಗ್ರಿ ಇರ್ತದೆ. ಮೇ ತಿಂಗಳ ಮಧ್ಯಾಹ್ನ ನಮ್ಮೂರಲ್ಲಿ ಗಾಳಿಯೇ 40 ಡಿಗ್ರಿ ದಾಟ್ತದೆ, ಆ ಕಪ್ಪು ಪ್ಲೇಟು 65ಕ್ಕೂ ಹೋಗ್ತದೆ. 25ರ ಮೇಲೆ ಪ್ರತಿ ಡಿಗ್ರಿಗೆ ಹೆಚ್ಚುಕಡಿಮೆ ನೂರಕ್ಕೆ 0.35ರಿಂದ 0.4ರಷ್ಟು ಶಕ್ತಿ ಇಳೀತದೆ. 40 ಡಿಗ್ರಿ ಹೆಚ್ಚಾದರೆ ನೂರಕ್ಕೆ ಸುಮಾರು 15 ಕಡಿತ. ಅದರ ಮೇಲೆ ಧೂಳು, ವೈರು, ಇನ್ವರ್ಟರಿನ ಸವಕಳಿ ಇದ್ದದ್ದೇ. ಹಾಗಾಗಿ ಉರಿ ಬಿಸಿಲಿನ ಹನ್ನೆರಡು ಗಂಟೆಗೆ 3 ಕಿಲೋವ್ಯಾಟಿನ ಇನ್ವರ್ಟರ್ 2.3 ಅಂತ ತೋರಿಸಿದರೆ ಅದು ಕೆಟ್ಟಿಲ್ಲ, ಸರಿಯಾಗೇ ಕೆಲಸ ಮಾಡ್ತಿದೆ. ಪ್ಲೇಟಿನ ಕೆಳಗೆ ಗಾಳಿ ಆಡುವ ಹಾಗೆ ಸ್ಟ್ಯಾಂಡು ಎತ್ತರ ಇದ್ದರೆ ಕಾವು ಸ್ವಲ್ಪ ಇಳೀತದೆ. ತಗಡಿನ ಶೀಟಿಗೆ ಅಂಟಿಸಿದ ಹಾಗೆ ಕೂರಿಸುವುದು ನಮ್ಮ ಊರಿಗೆ ಒಳ್ಳೆಯದಲ್ಲ.

ಕಾವಿಗಿಂತ ನಮ್ಮನ್ನು ಹೆಚ್ಚು ಕಾಡೋದು ಧೂಳು. ಎರೆಮಣ್ಣಿನ ಧೂಳು, ಅದಿರು ಲಾರಿ ಓಡಾಡುವ ರಸ್ತೆಯ ಕೆಂಪು ಧೂಳು, ಆಷಾಢದ ಗಾಳಿ. ಮಳೆ ಬಂದು ತೊಳೀತದೆ ಅಂತ ಕರಾವಳಿಯವರು ಸುಮ್ಮನೆ ಕೂರಬಹುದು, ನಾವು ಕೂರುವಂತಿಲ್ಲ. ನಾಲ್ಕು ಹನಿ ಉದುರಿ ನಿಂತರಂತೂ ಧೂಳು ಕೆಸರಾಗಿ ಗಾಜಿಗೆ ಮೆತ್ತಿಕೊಳ್ತದೆ. ವಾರಕ್ಕೊಮ್ಮೆ, ಹೆಚ್ಚೆಂದರೆ ಹತ್ತು ದಿನಕ್ಕೊಮ್ಮೆ ಒರೆಸಬೇಕು. ಸೂರ್ಯ ಏರುವ ಮುಂಚೆ ಇಲ್ಲವೇ ಮುಳುಗಿದ ಮೇಲೆ ತೊಳೆಯಿರಿ. ಕಾದ ಗಾಜಿಗೆ ತಣ್ಣೀರು ಸುರಿದರೆ ಬಿರುಕು ಬಿಡೋ ಅಪಾಯ ಇದೆ. ಸೋಪಿನ ಪುಡಿ ಬೇಡ, ಪಾತ್ರೆ ತಿಕ್ಕುವ ನಾರು ಬೇಡವೇ ಬೇಡ. ಮೆತ್ತನೆ ಬಟ್ಟೆ, ಬರೀ ನೀರು. ಬೋರಿನ ಗಡುಸು ನೀರು ಒಣಗಿದರೆ ಬಿಳಿ ಕಲೆ ಕಟ್ತದೆ, ಆದ್ದರಿಂದ ಕೊನೆಗೊಂದು ಸಲ ಒರೆಸಿ ಬಿಡಿ. ಪ್ಲೇಟಿನ ಮೇಲೆ ಕಾಲಿಟ್ಟು ಹತ್ತಬಾರದು. ಹಪ್ಪಳ ಸಂಡಿಗೆ ಒಣಗಿಸೋಕೆ ಜಾಗ ಚೆನ್ನಾಗಿದೆ ಅನ್ನಿಸಬಹುದು, ಆ ಆಸೆಯನ್ನೂ ಬಿಡಬೇಕು.

ನೆರಳಿನ ಬಗ್ಗೆಯೂ ಹೇಳಬೇಕು. ಪ್ಲೇಟುಗಳನ್ನು ಸರದ ಮಣಿಯ ಹಾಗೆ ಒಂದರ ಹಿಂದೆ ಒಂದು ಜೋಡಿಸಿರ್ತಾರೆ. ಸಿಂಟೆಕ್ಸ್ ಟ್ಯಾಂಕಿನ ನೆರಳು ಒಂದೇ ಪ್ಲೇಟಿನ ಮೇಲೆ ಬಿದ್ದರೂ ಇಡೀ ಸಾಲಿನ ಕರೆಂಟು ಇಳಿಯಬಹುದು. ಕಾಲುವೆಗೆ ಒಂದು ಕಡೆ ಕಲ್ಲು ಅಡ್ಡ ಬಿದ್ದರೆ ಕೊನೆಯ ಹೊಲಕ್ಕೆ ನೀರು ಬರ್ತದೇನ್ರಿ? ಹಾಗೇ. ಬಳ್ಳಾರಿ ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು 15 ಡಿಗ್ರಿ ದೂರದಲ್ಲಿದೆ. ಪ್ಲೇಟು ದಕ್ಷಿಣಕ್ಕೆ ಮುಖ ಮಾಡಿ ಹೆಚ್ಚುಕಡಿಮೆ ಅಷ್ಟೇ ಓರೆ ಇರಬೇಕು. ಒಂದು ಕಿಲೋವ್ಯಾಟ್‌ಗೆ ಸುಮಾರು ನೂರು ಚದರ ಅಡಿ ನೆರಳಿಲ್ಲದ ಜಾಗ ಬೇಕು. ಪಕ್ಕದ ಮನೆಯವರು ಮುಂದಿನ ವರ್ಷ ಇನ್ನೊಂದು ಅಂತಸ್ತು ಎತ್ತುವ ಯೋಚನೆಯಲ್ಲಿದ್ದಾರಾ ಅಂತ ಒಂದು ಮಾತು ಕೇಳಿಕೊಳ್ಳೋದು ಒಳ್ಳೆಯದು. ಮನೆ ಕಟ್ಟಿದ ಮೇಲೆ ನೆರಳಿಗೆ ಜಗಳ ಆಡಿ ಪ್ರಯೋಜನ ಇಲ್ಲ.

ಈಗ ಮೀಟರಿಗೆ ಬರೋಣ.

ಸೋಲಾರ್ ಇಲ್ಲದ ಮನೆಯಲ್ಲಿ ಕರೆಂಟು ಒಂದೇ ದಿಕ್ಕಿಗೆ ಬರ್ತದೆ, ಕಂಬದಿಂದ ಮನೆಗೆ. ಸೋಲಾರ್ ಇದ್ದ ಮನೆಯಲ್ಲಿ ಎರಡೂ ದಿಕ್ಕಿಗೆ ಹೋಗಿಬರ್ತದೆ. ಆದ್ದರಿಂದ ಗೋಡೆ ಮೇಲೆ ಎರಡು ದಿಕ್ಕಿನ ಮೀಟರ್ ಕೂರಿಸ್ತಾರೆ, ಜನ ಅದನ್ನು ನೆಟ್ ಮೀಟರ್ ಅಂತಾರೆ. ಅದರಲ್ಲಿ ಎರಡು ಲೆಕ್ಕ ಬೇರೆ ಬೇರೆ ಏರ್ತಾ ಹೋಗ್ತವೆ. ಕಂಬದಿಂದ ಮನೆಯೊಳಗೆ ಬಂದದ್ದು ಇಂಪೋರ್ಟ್. ಮನೆಯಿಂದ ಕಂಬಕ್ಕೆ ಹೋದದ್ದು ಎಕ್ಸ್‌ಪೋರ್ಟ್. ಮೀಟರಿನ ಗುಂಡಿ ಒತ್ತಿದರೆ, ಇಲ್ಲವೇ ಸುಮ್ಮನೆ ನಿಂತು ನೋಡ್ತಾ ಇದ್ದರೆ ಅಂಕಿಗಳು ಒಂದಾದ ಮೇಲೆ ಒಂದು ಬರ್ತವೆ: ತಾರೀಖು, ಸಮಯ, ವೋಲ್ಟೇಜು, ಹೀಗೆ. ಕೆಲವು ಮೀಟರಿನಲ್ಲಿ ಹೆಸರಿನ ಬದಲು ಸಂಖ್ಯೆ ಇರ್ತದೆ. ಮೂಲೆಯಲ್ಲಿ 1.8.0 ಅಂತ ಬಂದರೆ ಅದು ಒಳಗೆ ಬಂದದ್ದು, 2.8.0 ಅಂತ ಬಂದರೆ ಹೊರಗೆ ಹೋದದ್ದು. ಇವೆರಡನ್ನು ಸುಣ್ಣದಲ್ಲಿ ಗೋಡೆ ಮೇಲೆ ಬರೆದಿಟ್ಟುಕೊಂಡರೂ ತಪ್ಪಿಲ್ಲ. ಸೋಲಾರ್ ಎಷ್ಟು ತಯಾರಿಸಿತು ಅನ್ನೋದನ್ನು ಇನ್ವರ್ಟರ್ ತೋರಿಸ್ತದೆ, ಇಲ್ಲವೇ ಅದಕ್ಕೆ ಅಂತಲೇ ಬೇರೆ ಒಂದು ಮೀಟರ್ ಇರ್ತದೆ.

ಗುಟ್ಟು ಇರೋದು ಇಲ್ಲೇ. ಮಾಳಿಗೆಯಿಂದ ಇಳಿದ ಕರೆಂಟು ಮೊದಲು ಮನೆಯೊಳಗೆ ಬರ್ತದೆ. ಆ ಹೊತ್ತಿಗೆ ಫ್ರಿಡ್ಜ್, ಫ್ಯಾನು, ಕೂಲರ್, ನೀರಿನ ಮೋಟರ್ ಏನು ಓಡ್ತಾ ಇದೆಯೋ ಅದಕ್ಕೆ ಸಲ್ತದೆ. ಮಿಕ್ಕಿದ್ದು ಮಾತ್ರ ಗೋಡೆ ಮೀಟರ್ ದಾಟಿ ಕಂಬಕ್ಕೆ ಹೋಗ್ತದೆ. ಮನೆಯೊಳಗೇ ಖರ್ಚಾದದ್ದನ್ನು ಗೋಡೆ ಮೀಟರ್ ನೋಡೋದೇ ಇಲ್ಲ. ಹಸುವಿನ ಹಾಲು ಕರೆದು, ಮನೆಗೆ ಬೇಕಾದಷ್ಟು ಇಟ್ಟುಕೊಂಡು, ಉಳಿದದ್ದನ್ನು ಡೈರಿಗೆ ಹಾಕಿದ ಹಾಗೆ. ಡೈರಿಯ ಪುಸ್ತಕದಲ್ಲಿ ಇರೋದು ಡೈರಿಗೆ ಹಾಕಿದ ಲೀಟರ್ ಮಾತ್ರ. ಮಕ್ಕಳು ಕುಡಿದ ಹಾಲು ಅಲ್ಲಿ ಬರೆದಿರೋದಿಲ್ಲ. ಹಾಗಂತ ಡೈರಿಯವರು ಕದ್ದರು ಅನ್ನೋಕೆ ಆಗ್ತದಾ?

ಒಂದು ತಿಂಗಳ ಲೆಕ್ಕ ಹಾಕಿ ನೋಡೋಣ. ತಿಳಿಯಲಿ ಅಂತ ನಾವೇ ಹಾಕಿದ ಅಂಕಿಗಳು ಇವು, ಚೀಟಿ ಪೆನ್ನು ಇದ್ದವರು ಬರೆದುಕೊಳ್ಳಿ. 3 ಕಿಲೋವ್ಯಾಟ್ ಮನೆ, 30 ದಿನ. ಇನ್ವರ್ಟರಿನ ಪ್ರಕಾರ ತಯಾರಾದದ್ದು 348 ಯೂನಿಟ್. ಇಂಪೋರ್ಟ್ ಹಿಂದಿನ ರೀಡಿಂಗ್ 2140, ಈಗಿನದು 2298. ಕಳೆದರೆ 158. ಎಕ್ಸ್‌ಪೋರ್ಟ್ ಹಿಂದಿನದು 1865, ಈಗಿನದು 2086. ಕಳೆದರೆ 221. ತಯಾರಾದ 348ರಲ್ಲಿ 221 ಹೊರಗೆ ಹೋಯ್ತು, ಹಾಗಾದರೆ ಹಗಲಿನಲ್ಲಿ ಮನೆಯೇ ಬಳಸಿದ್ದು 127. ಕಳೆದುಹೋಯ್ತು ಅಂದುಕೊಂಡ 127 ಇದೇ. ರಾತ್ರಿ, ಮೋಡದ ಹೊತ್ತು, ಮಾಳಿಗೆಯ ಕರೆಂಟು ಸಾಲದ ಹೊತ್ತು ಕಂಬದಿಂದ ತಂದದ್ದು 158. ಎರಡೂ ಕೂಡಿಸಿದರೆ ಈ ಮನೆ ತಿಂಗಳಿಗೆ ಬಳಸುವ ಒಟ್ಟು ಕರೆಂಟು 285 ಯೂನಿಟ್. ಕಂಪನಿಯ ಜೊತೆಗಿನ ಲೆಕ್ಕದಲ್ಲಿ ಈ ಮನೆ ತಂದದ್ದು 158, ಕೊಟ್ಟದ್ದು 221, ಹಾಗಾಗಿ 63 ಯೂನಿಟ್ ಮನೆಯವರಿಗೇ ಬರಬೇಕು.

ನಿಮ್ಮ ಮನೆಯ ಅಂಕಿಗಳನ್ನು ಈ ಜಾಗದಲ್ಲಿ ಹಾಕಿ ನೋಡಿ. ತಯಾರಾದದ್ದಕ್ಕಿಂತ ಹೊರಗೆ ಹೋದದ್ದು ಜಾಸ್ತಿ ಬಂದರೆ ಎಲ್ಲೋ ತಪ್ಪಿದೆ ಅಂತ ಅರ್ಥ, ಅದು ಆಗೋಕೆ ಸಾಧ್ಯವಿಲ್ಲ. ರೀಡಿಂಗ್ ಬರೆಯುವಾಗ ಅದಲುಬದಲಾಗಿರಬಹುದು. ಇನ್ವರ್ಟರ್ ಅಂಕಿ ನೋಡಿದ ದಿನ, ಮೀಟರ್ ಓದಿದ ದಿನ ಬೇರೆ ಬೇರೆ ಇರಬಹುದು. ಮೊಬೈಲ್ ಒಂದನೇ ತಾರೀಖಿನಿಂದ ಲೆಕ್ಕ ಹಿಡೀತದೆ, ಬಿಲ್ಲಿನವರು ಬಂದ ದಿನದಿಂದ ಹಿಡೀತಾರೆ. ಒಂದು ಬಿಲ್ಲು 28 ದಿನದ್ದು, ಇನ್ನೊಂದು 33 ದಿನದ್ದು ಆದರೆ "ಹೋದ ತಿಂಗಳಿಗಿಂತ ಜಾಸ್ತಿ ಬಂತು" ಅಂತ ಕೂಗಾಡಿ ಫಲವಿಲ್ಲ. ದಿನಗಳಿಂದ ಭಾಗಿಸಿ, ದಿನಕ್ಕೆ ಎಷ್ಟು ಅಂತ ಹೋಲಿಸಿ.

ಮೀಟರ್ ಮೇಲೆ ಅನುಮಾನ ಇದ್ದವರು ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಒಂದಿದೆ. ಒಳ್ಳೆ ಬಿಸಿಲಿನ ದಿನ ಹನ್ನೊಂದು ಗಂಟೆಗೆ ಮನೆಯ ದೀಪ, ಫ್ರಿಡ್ಜ್, ಮೋಟರ್ ಎಲ್ಲ ಆಫ್ ಮಾಡಿ. ಸೋಲಾರ್ ಮಾತ್ರ ಓಡಲಿ. ಇನ್ವರ್ಟರ್ ಮತ್ತು ಗೋಡೆ ಮೀಟರಿನ ಎಕ್ಸ್‌ಪೋರ್ಟ್ ಎರಡನ್ನೂ ಬರೆದುಕೊಂಡು ಒಂದು ಗಂಟೆ ಬಿಟ್ಟು ಮತ್ತೆ ನೋಡಿ. ಇನ್ವರ್ಟರ್ ಎಷ್ಟು ಏರಿದೆಯೋ ಎಕ್ಸ್‌ಪೋರ್ಟ್ ಹೆಚ್ಚುಕಡಿಮೆ ಅಷ್ಟೇ ಏರಿರಬೇಕು. ಬಹಳ ವ್ಯತ್ಯಾಸ ಇದ್ದರೆ ಆಗ ಬರೆದು ಕೇಳಿ. ಬಾಯಿಮಾತಿನ ದೂರಿಗಿಂತ ನಾಲ್ಕು ಅಂಕಿ ಬರೆದ ಅರ್ಜಿಗೆ ಬೆಲೆ ಹೆಚ್ಚು. ಜೆಸ್ಕಾಂ ಸಹಾಯವಾಣಿ 1912. ಅಲ್ಲಿ ಬಗೆಹರಿಯದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ ಇದೆ. ದೂರಿನ ನಂಬರು, ಆರ್.ಆರ್. ನಂಬರು ಎರಡನ್ನೂ ಬರೆದಿಟ್ಟುಕೊಳ್ಳಬೇಕು.

ಒಂದು ಎಚ್ಚರಿಕೆಯನ್ನು ಮಾತ್ರ ಜೋರಾಗಿ ಹೇಳ್ತೇವೆ. ಎರಡು ದಿಕ್ಕಿನ ಮೀಟರ್ ಕೂರಿಸುವ ಮೊದಲು ಸೋಲಾರ್ ಚಾಲೂ ಮಾಡಬೇಡಿ. "ಮೀಟರ್ ಬರೋದು ತಡ ಆಗ್ತದೆ, ನೀವು ಓಡಿಸ್ತಾ ಇರ್ರಿ, ಏನೂ ಆಗಲ್ಲ" ಅಂತ ಹೇಳುವವರಿದ್ದಾರೆ. ಚಕ್ರ ತಿರುಗುವ ಹಳೆ ಮೀಟರು ಹಿಂದಕ್ಕೂ ತಿರುಗ್ತಿತ್ತು. ಈಗಿನ ಸಾಮಾನ್ಯ ಎಲೆಕ್ಟ್ರಾನಿಕ್ ಮೀಟರುಗಳು ಹಾಗಲ್ಲ. ಕಳ್ಳತನ ತಡೆಯೋದಕ್ಕೆ ಅಂತ ಅವುಗಳಲ್ಲಿ ಅನೇಕವನ್ನು ಕರೆಂಟು ಯಾವ ದಿಕ್ಕಿಗೆ ಹೋದರೂ ಮುಂದಕ್ಕೇ ಎಣಿಸುವಂತೆ ಮಾಡಿರ್ತಾರೆ. ನೀವು ಕಂಬಕ್ಕೆ ಕೊಟ್ಟ ಕರೆಂಟಿಗೂ ನಿಮ್ಮ ಮೇಲೇ ಬಿಲ್ಲು ಬೀಳ್ತದೆ. ಇನ್ನು ಅನುಮತಿ ಇಲ್ಲದೆ ಕಂಬಕ್ಕೆ ಕರೆಂಟು ಬಿಡೋದು ಕಾನೂನಿಗೂ ವಿರುದ್ಧ, ಜೀವಕ್ಕೂ ಅಪಾಯ.

ಜೀವದ ಮಾತು ಬಂದದ್ದರಿಂದ ಇನ್ನೊಂದು ಪ್ರಶ್ನೆಗೂ ಉತ್ತರ ಹೇಳಿಬಿಡೋಣ. "ಮಟಮಟ ಮಧ್ಯಾಹ್ನ ಬಿಸಿಲು ಸುಡ್ತೈತಿ, ಮಾಳಿಗೆ ಮ್ಯಾಲೆ ಪ್ಲೇಟ್ ಐತಿ, ಆದ್ರೂ ಕರೆಂಟು ಹೋದಾಗ ನಮ್ಮ ಮನ್ಯಾಗೂ ಫ್ಯಾನು ನಿಂತೋತು. ಮತ್ಯಾಕ ಸೋಲಾರು?" ಬ್ಯಾಟರಿ ಇಲ್ಲದೆ ಕಂಬಕ್ಕೆ ಜೋಡಿಸಿದ ಸೋಲಾರ್ ಲೈನಿನಲ್ಲಿ ಕರೆಂಟು ಹೋದ ಕೂಡಲೇ ತಾನೂ ನಿಲ್ತದೆ. ಅದು ಕೆಟ್ಟದ್ದಲ್ಲ, ಹಾಗೇ ಮಾಡಿರೋದು. ಕರೆಂಟು ತೆಗೆದು ಲೈನ್‌ಮನ್ ಕಂಬ ಹತ್ತಿರ್ತಾನೆ. ಆ ಹೊತ್ತಿನಲ್ಲಿ ನಿಮ್ಮ ಮಾಳಿಗೆಯಿಂದ ಕರೆಂಟು ತಂತಿಗೆ ಹರಿದರೆ ಆ ಮನುಷ್ಯ ಉಳಿಯೋದಿಲ್ಲ. ಯಾರಾದರೂ "ಈ ಸ್ವಿಚ್ ಬದಲಾಯಿಸಿದ್ರೆ ಕರೆಂಟು ಹೋದಾಗಲೂ ಓಡ್ತದೆ" ಅಂತ ಕೈಯಾಡಿಸೋಕೆ ಬಂದರೆ ಮನೆಯೊಳಗೆ ಬಿಡಬೇಡಿ. ಕರೆಂಟು ಹೋದಾಗಲೂ ಬೇಕು ಅನ್ನುವವರು ಬ್ಯಾಟರಿ ಇರುವ ವ್ಯವಸ್ಥೆಯನ್ನು ಮೊದಲೇ ಕೇಳಿ ಹಾಕಿಸಬೇಕು. ಅದಕ್ಕೆ ದುಡ್ಡು ಹೆಚ್ಚು, ಕೆಲವು ವರ್ಷಕ್ಕೊಮ್ಮೆ ಬ್ಯಾಟರಿ ಬದಲಾಯಿಸುವ ಖರ್ಚೂ ಇದೆ.

ಬಿಲ್ಲು ಸೊನ್ನೆ ಆಗ್ತದೆ ಅಂತ ಹೇಳಿದ್ದರು, ಆದರೂ ಬಂತು ಅನ್ನೋದು ಮತ್ತೊಂದು ದೂರು. ಬಿಲ್ಲಿನಲ್ಲಿ ಎಲ್ಲವೂ ಯೂನಿಟ್ ಮೇಲೆ ನಿಂತಿಲ್ಲ. ನಿಮ್ಮ ಮನೆಗೆ ಮಂಜೂರಾದ ಕಿಲೋವ್ಯಾಟ್ ಮೇಲೆ ನಿಗದಿತ ಶುಲ್ಕ ಇದೆ. ನೀವು ಒಂದೂ ಯೂನಿಟ್ ತರದಿದ್ದರೂ ಅದು ಇದ್ದೇ ಇರ್ತದೆ. ಕಂಬ, ತಂತಿ, ಟ್ರಾನ್ಸ್‌ಫಾರ್ಮರ್ ನಿಮಗಾಗಿ ನಿಂತಿವೆಯಲ್ಲ, ಅದರ ಬಾಡಿಗೆ ಅಂತ ತಿಳಿಯಿರಿ. ಯೂನಿಟ್ ಮೇಲಿನ ದರ, ತೆರಿಗೆ ಇವು ಮಾತ್ರ ನೀವು ತಂದ ನಿವ್ವಳ ಯೂನಿಟ್‌ಗಳ ಸಂಗಡ ಏರ್ತವೆ, ಇಳೀತವೆ. ವಿದ್ಯುತ್ ನಿಯಂತ್ರಣ ಆಯೋಗ 2025-26ನೇ ಸಾಲಿಗೆ ಮನೆ ಬಳಕೆಯ ದರವನ್ನು ಯೂನಿಟ್‌ಗೆ 5 ರೂಪಾಯಿ 80 ಪೈಸೆ ಅಂತ ಗೊತ್ತು ಮಾಡಿತು. ಆ ಸಾಲಿನಲ್ಲಿ ತರದೆ ಉಳಿಸಿದ ಒಂದೊಂದು ಯೂನಿಟ್‌ಗೂ ಉಳಿತಾಯ ಅಷ್ಟು, ಮೇಲೆ ಅದರ ತೆರಿಗೆ. ತಂದದ್ದಕ್ಕಿಂತ ಹೆಚ್ಚು ಕೊಟ್ಟ ಯೂನಿಟ್‌ಗಳಿಗೆ ಮಾತ್ರ ಬೇರೆ ದರ. ಅದು ನಿಮ್ಮ ಮತ್ತು ಜೆಸ್ಕಾಂ ನಡುವಿನ ಒಪ್ಪಂದ ಪತ್ರದಲ್ಲಿ ಬರೆದಿರುವ ದರ.

ಆ ಒಪ್ಪಂದ ಪತ್ರವನ್ನು ಓದಿದವರು ಕೈ ಎತ್ತಿ ಅಂದರೆ ಹೆಚ್ಚು ಕೈಗಳು ಏಳೋದಿಲ್ಲ. 2013ರಲ್ಲಿ ಆಯೋಗ ಸಬ್ಸಿಡಿ ಪಡೆಯದ ಮಾಳಿಗೆ ಸೋಲಾರ್‌ಗೆ ಯೂನಿಟ್‌ಗೆ 9 ರೂಪಾಯಿ 56 ಪೈಸೆ ಗೊತ್ತು ಮಾಡಿತ್ತು. ಆಗ ಪ್ಲೇಟುಗಳ ಬೆಲೆ ಬಹಳ ಇತ್ತು. ಬೆಲೆ ಇಳಿದ ಹಾಗೆ ಆಯೋಗ ದರವನ್ನೂ ಇಳಿಸುತ್ತಾ ಬಂತು. ಒಪ್ಪಂದ 25 ವರ್ಷದ್ದು. ಆಗ ಹಾಕಿಸಿದ ನೆಂಟರು "ನಮಗೆ ಇಷ್ಟು ಕೊಡ್ತಾರೆ" ಅಂದರೆ ಅವರು ಸುಳ್ಳು ಹೇಳ್ತಿಲ್ಲ, ಆದರೆ ಆ ದರ ನಿಮ್ಮದಲ್ಲ. ಕರೆಂಟು ಮಾರಿ ದುಡ್ಡು ಮಾಡೋಣ ಅಂತ ಮನೆ ಬಳಕೆಗಿಂತ ದೊಡ್ಡ ಪ್ಲೇಟು ಹಾಕಿಸೋದು ಈಗ ಬುದ್ಧಿವಂತಿಕೆ ಅಲ್ಲ ಅನ್ನೋದು ನಮ್ಮ ಅಭಿಪ್ರಾಯ. ಮನೆಗೆ ಎಷ್ಟು ಬೇಕೋ ಅಷ್ಟು ಸಾಕು.

ಇದರ ಜೊತೆಗೇ ಬರುವ ಇನ್ನೊಂದು ಮಾತು: "ಮೋಟರು, ವಾಷಿಂಗ್ ಮಷೀನು ಎಲ್ಲ ಹಗಲೇ ಓಡಿಸ್ರಿ, ಬಿಲ್ಲು ಇಳೀತದೆ." ನೆಟ್ ಮೀಟರ್ ಲೆಕ್ಕದಲ್ಲಿ ಇದು ಅಷ್ಟು ನಿಜವಲ್ಲ. ಹಗಲು ಒಂದು ಯೂನಿಟ್ ಬಳಸಿದರೆ ಹೊರಗೆ ಹೋಗೋದು ಒಂದು ಕಡಿಮೆ ಆಗ್ತದೆ. ರಾತ್ರಿ ಬಳಸಿದರೆ ಒಳಗೆ ಬರೋದು ಒಂದು ಹೆಚ್ಚಾಗ್ತದೆ. ತಿಂಗಳ ಕೊನೆಗೆ ಕಳೆದು ನೋಡಿದರೆ ಉತ್ತರ ಒಂದೇ. ಬಿಲ್ಲು ಇಳಿಯೋದು ಬಳಕೆ ಇಳಿಸಿದರೆ, ಇಲ್ಲವೇ ಪ್ಲೇಟು ಚೊಕ್ಕ ಇಟ್ಟರೆ. ಆದ್ದರಿಂದ ರಾತ್ರಿ ಕೂಲರ್ ಹಾಕಿದ್ದಕ್ಕೆ ಸೊಸೆಯನ್ನು ಬೈಯ್ಯುವ ಅತ್ತೆಯರು ದಯವಿಟ್ಟು ನಿಲ್ಲಿಸಬೇಕು.

ಸಾಲ ಮಾಡುವ ಮೊದಲಿನ ಲೆಕ್ಕದ ಬಗ್ಗೆ ಸ್ವಲ್ಪ. 2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಪಿಎಂ ಸೂರ್ಯ ಘರ್ ಯೋಜನೆ ತಂದಿತು. ಮೊದಲ 2 ಕಿಲೋವ್ಯಾಟ್‌ಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000, ಒಟ್ಟು 78,000 ರೂಪಾಯಿ ಸಬ್ಸಿಡಿ. ಮೂರಕ್ಕಿಂತ ಎಷ್ಟು ಹೆಚ್ಚು ಹಾಕಿಸಿದರೂ ಅಷ್ಟೇ. ಈ ದುಡ್ಡು ಕೆಲಸ ಮುಗಿದು, ಮೀಟರ್ ಕೂತು, ಚಾಲೂ ಆದ ಮೇಲೆ ನಿಮ್ಮ ಬ್ಯಾಂಕ್ ಖಾತೆಗೆ ಬರೋದು. ಪ್ಲೇಟುಗಳು ನಮ್ಮ ದೇಶದಲ್ಲೇ ತಯಾರಾದ ಕೋಶಗಳವಾಗಿರಬೇಕು ಅನ್ನೋ ಷರತ್ತೂ ಇದೆ. ಕರೆಂಟಿನ ಆರ್.ಆರ್. ನಂಬರು ತೀರಿಹೋದ ಮಾವನ ಹೆಸರಿನಲ್ಲೇ ಇದ್ದರೆ ಮೊದಲು ಅದನ್ನು ಬದಲಾಯಿಸಿಕೊಳ್ಳಿ. ಅರ್ಜಿಗಳು ನಿಲ್ಲೋದು ಇಂಥ ಕಡೆಯೇ.

ಆದರೆ ನಮ್ಮ ರಾಜ್ಯದಲ್ಲಿ 2023ರಿಂದ ಗೃಹಜ್ಯೋತಿ ಇದೆಯಲ್ಲ. ಅದು ಶುರುವಾದಾಗ ಹಿಂದಿನ ವರ್ಷದ ಸರಾಸರಿಯ ಮೇಲೆ ನೂರಕ್ಕೆ ಹತ್ತು ಸೇರಿಸಿ, 200 ಯೂನಿಟ್ ಮೀರದಂತೆ ಉಚಿತ ಅಂತ ಮಾಡಿದ್ದರು. ತಿಂಗಳಿಗೆ 80, 90 ಯೂನಿಟ್ ಬಳಸಿ ಸೊನ್ನೆ ಬಿಲ್ಲು ಪಡೆಯುವ ಮನೆಯವರು ಸಾಲ ಮಾಡಿ ಸೋಲಾರ್ ಹಾಕಿಸಿದರೆ ಬಿಲ್ಲಿನಲ್ಲಿ ಉಳಿಯೋದು ಏನು? ಬರುವ ಕಂತು ಮಾತ್ರ ನಿಜ. ಸಂಘದಲ್ಲಿ ಇಂಥ ಸಾಲದ ಅರ್ಜಿ ಬಂದರೆ ಮೊದಲು ಹನ್ನೆರಡು ತಿಂಗಳ ಬಿಲ್ಲು ತರಿಸಿ ನೋಡಿ ಅಂತ ನಾವು ಪ್ರತಿನಿಧಿಗಳಿಗೆ ಹೇಳ್ತಾ ಇದ್ದೇವೆ. 200 ದಾಟಿದ ತಿಂಗಳು ಪೂರ್ತಿ ಬಿಲ್ಲು ಕಟ್ಟಬೇಕಾಗ್ತದೆ. ಕೂಲರ್, ಫ್ರಿಡ್ಜ್, ಹೊಲಿಗೆ ಯಂತ್ರ, ಹಿಟ್ಟಿನ ಗಿರಣಿ ಅಂತ 300, 400 ಬಳಸುವ ಮನೆಗಳಿಗೆ ಸೋಲಾರ್ ನಿಜವಾಗಿ ಉಪಯೋಗ. ಗಿರಣಿಯ ಮೀಟರ್ ಬೇರೆ ಇದ್ದರೆ ಅದರ ದರವೂ ನಿಯಮವೂ ಬೇರೆ, ಅದನ್ನು ಮನೆ ಲೆಕ್ಕದಲ್ಲಿ ಕಲಸಬಾರದು. ಸೋಲಾರ್ ಹಾಕಿಸಿದ ಮೇಲೆ ನಿಮ್ಮ ಖಾತೆಯ ಗೃಹಜ್ಯೋತಿ ಲೆಕ್ಕ ಹೇಗೆ ನಡೀತದೆ ಅನ್ನೋದನ್ನು ಸಹಿ ಹಾಕುವ ಮೊದಲೇ ಸೆಕ್ಷನ್ ಆಫೀಸಿನಲ್ಲಿ ಕೇಳಿ ಬರೆಸಿಕೊಳ್ಳಿ. ಏಜೆಂಟರನ್ನು ಕೇಳಬೇಡಿ.

ಕೊನೆಯದಾಗಿ, ನಾವು ಕಣ್ಣಾರೆ ಕಂಡ ಒಂದು ಮನೆಯ ಸಂಗತಿ. ಹೆಸರು ಊರು ಬೇಡ. ಸಾಲ ಮಾಡಿ 2 ಕಿಲೋವ್ಯಾಟ್ ಹಾಕಿಸಿದ್ದರು. ಮೊದಲ ವರ್ಷ ಚೆನ್ನಾಗಿ ನಡೀತು. ಒಂದು ಸಿಡಿಲು ಮಳೆಯ ರಾತ್ರಿ ಮಾಳಿಗೆ ಕಡೆಯ ಸ್ವಿಚ್ಚು ಬಿದ್ದುಹೋಯಿತು. ಮನೆಯಲ್ಲಿ ದೀಪ ಉರೀತಾ ಇತ್ತು, ಫ್ಯಾನು ತಿರುಗ್ತಾ ಇತ್ತು, ಯಾಕಂದ್ರೆ ಕಂಬದ ಕರೆಂಟು ಬರ್ತಾನೇ ಇತ್ತು. ಸೋಲಾರ್ ಸತ್ತಿದೆ ಅಂತ ಯಾರಿಗೂ ಗೊತ್ತಾಗಲಿಲ್ಲ. ಮೊಬೈಲ್ ಆ್ಯಪ್ ಇದ್ದದ್ದು ಬೆಂಗಳೂರಿನಲ್ಲಿ ಕೆಲಸ ಮಾಡುವ ಮಗನ ಹತ್ತಿರ. ನಾಲ್ಕು ತಿಂಗಳು ಬಿಲ್ಲು ಏರಿತು, ಮೀಟರ್ ಕೆಟ್ಟಿದೆ ಅಂತ ಅಂದುಕೊಂಡರು. ಹಾಕಿದ ಏಜೆನ್ಸಿಯವರು ಫೋನು ಎತ್ತಲಿಲ್ಲ. ಕೊನೆಗೆ ಪಕ್ಕದ ಮನೆಯ ಐಟಿಐ ಓದುವ ಹುಡುಗಿ ನೋಡಿ, ಇನ್ವರ್ಟರಿನಲ್ಲಿ ದೀಪವೇ ಇಲ್ಲ ಅಂತ ಹೇಳಿ ಎಲೆಕ್ಟ್ರಿಷಿಯನ್‌ನನ್ನು ಕರೆಸಿದಳು. ಸ್ವಿಚ್ಚು ಮೇಲೆತ್ತಿದ ಕೂಡಲೇ ಚಾಲೂ ಆಯ್ತು. ಹೋದದ್ದು ಸುಮಾರು ಒಂಬೈನೂರು ಯೂನಿಟ್, ನಾಲ್ಕು ಕಂತಿನ ದುಡ್ಡು.

ಆ ಮನೆಯ ಅಜ್ಜಿಗೆ ಅಂಕಿ ಓದೋಕೆ ಬರ್ತದೆ, ಅಕ್ಷರ ಬರೋದಿಲ್ಲ. ಈಗ ಅವರು ದಿನಾ ಸಂಜೆ ದೀಪ ಹಚ್ಚುವ ಹೊತ್ತಿಗೆ ಇನ್ವರ್ಟರಿನ ಆ ದಿನದ ಯೂನಿಟ್ ನೋಡಿ, ಗೋಡೆ ಕ್ಯಾಲೆಂಡರಿನ ಆ ತಾರೀಖಿನ ಚೌಕದಲ್ಲಿ ಬರೀತಾರೆ. 8, 7.5, 8. ಒಂದು ದಿನ 3 ಬಂದರೆ ಆಕಾಶ ನೋಡ್ತಾರೆ. ಮೋಡ ಇದ್ದರೆ ಸರಿ, ಇಲ್ಲದಿದ್ದರೆ ಮೊಮ್ಮಗನನ್ನು ಮಾಳಿಗೆಗೆ ಹತ್ತಿಸ್ತಾರೆ. ಇಷ್ಟೇ ಸಾಕು. ಸೋಲಾರ್ ಹಾಕಿಸಿದ ಪ್ರತಿ ಮನೆಯಲ್ಲೂ ಈ ಕೆಲಸ ಯಾರದ್ದು ಅಂತ ಇವತ್ತೇ ಗೊತ್ತು ಮಾಡಿಕೊಳ್ಳಿ. ತಿಂಗಳಿಗೊಮ್ಮೆ ಬಿಲ್ಲಿನವರು ಬಂದ ದಿನವೇ ಇಂಪೋರ್ಟ್, ಎಕ್ಸ್‌ಪೋರ್ಟ್, ತಯಾರಾದ ಒಟ್ಟು ಯೂನಿಟ್ ಮೂರನ್ನೂ ಒಂದು ನೋಟ್‌ಬುಕ್ಕಿನಲ್ಲಿ ತಾರೀಖಿನ ಸಮೇತ ಬರೆಯಿರಿ.

ಮುಂದಿನ ಸಭೆಗೆ ಬರುವಾಗ ಆ ನೋಟ್‌ಬುಕ್ಕು, ಕೊನೆಯ ಎರಡು ಬಿಲ್ಲು ತನ್ನಿ. ಸೋಲಾರ್ ಇಲ್ಲದವರು ಹನ್ನೆರಡು ತಿಂಗಳ ಬಿಲ್ಲು ತನ್ನಿ, ಹಾಕಿಸಬೇಕೋ ಬೇಡವೋ ಲೆಕ್ಕ ಹಾಕಿ ನೋಡೋಣ. ಕನ್ನಡಕ ಇದ್ದವರು ಮರೆಯಬೇಡಿ, ಬಿಲ್ಲಿನ ಅಕ್ಷರ ಬಹಳ ಸಣ್ಣದು.